ಮೋಸ ಹೋದವನು ದಡ್ಡನಲ್ಲ

ರೂಮಿನಲ್ಲೋ ಕ್ಯಾಂಪಿನಲ್ಲೋ ಯಾರದ್ದಾದರೂ ಹಣ ಆನ್‌ಲೈನ್ ಮೋಸಕ್ಕೆ ಹೋಯಿತು ಎಂಬ ಸುದ್ದಿ ಬಂದರೆ ನಮ್ಮಲ್ಲಿ ಹೆಚ್ಚಿನವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: ‘ಅವನಿಗೆ ಅಷ್ಟೂ ಬುದ್ಧಿ ಬೇಡ್ವಾ?’ ಈ ಮಾತನ್ನು ಇನ್ನಾದರೂ ನಿಲ್ಲಿಸೋಣ ಎಂಬುದು ಈ ಸಂಚಿಕೆಯಲ್ಲಿ ನಮ್ಮ ವಿನಂತಿ. ಈ ಮಾತಿನಿಂದ ಲಾಭ ಆಗುವುದು ಕಳ್ಳನಿಗೆ. ನಾಲ್ಕು ಜನ ನಗುತ್ತಾರೆ ಎಂದು ಹೆದರಿ ಹಣ ಕಳೆದುಕೊಂಡವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಬ್ಯಾಂಕಿಗೂ ಹೇಳುವುದಿಲ್ಲ, ಪೊಲೀಸರಿಗೂ ಹೇಳುವುದಿಲ್ಲ, ಊರಿಗಂತೂ ಹೇಳುವುದೇ ಇಲ್ಲ. ಅವನು ಸುಮ್ಮನಿದ್ದಷ್ಟು ಹೊತ್ತು ಆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಿರುತ್ತದೆ.

ಮೋಸ ಹೋಗುವವರು ಓದು ಬರಹ ಇಲ್ಲದವರು ಎಂಬುದು ನಿಜವಲ್ಲ. ಭಾರತದಲ್ಲಿ ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನ ಮೋಸದಲ್ಲಿ ಹಣ ಕಳೆದುಕೊಂಡವರಲ್ಲಿ ಡಾಕ್ಟರುಗಳಿದ್ದಾರೆ, ಇಂಜಿನಿಯರುಗಳಿದ್ದಾರೆ, ನಿವೃತ್ತ ಅಧಿಕಾರಿಗಳಿದ್ದಾರೆ. ವಿಡಿಯೋ ಕಾಲ್‌ನಲ್ಲಿ ಪೊಲೀಸ್ ಯೂನಿಫಾರಂ ತೋರಿಸಿ, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ ಎಂದು ಹೆದರಿಸಿ, ಫೋನ್ ಇಡದ ಹಾಗೆ ಗಂಟೆಗಟ್ಟಲೆ ಕೂರಿಸುತ್ತಾರೆ. ಕೊನೆಗೆ 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ ತಮ್ಮ ರೇಡಿಯೋ ಭಾಷಣದಲ್ಲಿ, ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ ಎಂದು ದೇಶಕ್ಕೆ ಹೇಳಬೇಕಾಯಿತು. ಕಾನೂನು ಬಲ್ಲವರೂ ಬಿದ್ದಿದ್ದಾರೆ ಎಂದ ಮೇಲೆ ಇಲ್ಲಿ ಕೆಲಸ ಮಾಡುತ್ತಿರುವುದು ಅಜ್ಞಾನ ಅಲ್ಲ, ಬೇರೆ ಏನೋ ಇದೆ.

ಆ ಬೇರೆ ಏನೋ ಎಂದರೆ ನಮ್ಮ ಮನಸ್ಸು. ಕಳ್ಳ ಮೊದಲು ಕೈ ಹಾಕುವುದು ನಮ್ಮ ಹೆದರಿಕೆಗೆ. 1979ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ವಿಷಯವನ್ನು ಲೋಕಕ್ಕೆ ತೋರಿಸಿಕೊಟ್ಟರು. ನೂರು ರೂಪಾಯಿ ಸಿಕ್ಕಿದರೆ ಆಗುವ ಖುಷಿಗಿಂತ ನೂರು ರೂಪಾಯಿ ಹೋದರೆ ಆಗುವ ಸಂಕಟ ದೊಡ್ಡದು. ಇದು ಎಲ್ಲ ಮನುಷ್ಯರ ಸ್ವಭಾವ. ಆದರೆ ಪ್ರವಾಸಿ ಕೆಲಸಗಾರನಿಗೆ ಹೋಗುವುದು ನೂರು ರೂಪಾಯಿ ಅಲ್ಲ. ಅವನ ಇಡೀ ಬದುಕು ಒಂದು ಸಣ್ಣ ಕಾರ್ಡಿನ ಮೇಲೆ ನಿಂತಿದೆ. ಇಖಾಮ ಬ್ಲಾಕ್ ಆಗಿದೆ, ಎಮಿರೇಟ್ಸ್ ಐಡಿ ಅಪ್‌ಡೇಟ್ ಮಾಡದಿದ್ದರೆ ಇವತ್ತು ಸಂಜೆಗೆ ಎಟಿಎಂ ಕಾರ್ಡ್ ನಿಲ್ಲುತ್ತದೆ ಎಂದು ಒಬ್ಬ ಹಿಂದಿಯಲ್ಲೋ ಮಲಯಾಳದಲ್ಲೋ ಗದರಿಸಿದರೆ ಎದೆ ಝಲ್ ಎನ್ನದೆ ಇರುತ್ತದೆಯೇ? ಹನ್ನೆರಡು ಗಂಟೆ ದುಡಿದು, ಬಸ್ಸಿನಲ್ಲಿ ತೂಕಡಿಸಿ ಬಂದು ರೂಮಿನಲ್ಲಿ ಕೂತವನಿಗೆ ಆ ಹೊತ್ತಿನಲ್ಲಿ ಯೋಚನೆ ಮಾಡುವ ಶಕ್ತಿ ಎಲ್ಲಿರುತ್ತದೆ? ‘ಈಗಲೇ’, ‘ಹತ್ತು ನಿಮಿಷದಲ್ಲಿ’, ‘ಕಾಲ್ ಕಟ್ ಮಾಡಬೇಡ’ ಎಂಬ ಮಾತುಗಳನ್ನು ಅವರು ಸುಮ್ಮನೆ ಆಡುವುದಿಲ್ಲ. ಯೋಚನೆಗೆ ಸಮಯ ಸಿಕ್ಕಿದರೆ ಅವರ ವ್ಯಾಪಾರ ಮುಗಿಯಿತು.

ಎರಡನೆಯದು ನಂಬಿಕೆ. ರಾಬರ್ಟ್ ಸಿಯಾಲ್ಡಿನಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1984ರಲ್ಲಿ ಬರೆದ ಪುಸ್ತಕದಲ್ಲಿ ಮನುಷ್ಯ ಹೇಗೆ ‘ಹೂಂ’ ಅನ್ನುತ್ತಾನೆ ಎಂಬುದನ್ನು ಬಿಡಿಸಿ ಹೇಳಿದ್ದಾನೆ. ಅಧಿಕಾರದಲ್ಲಿರುವವರ ಮಾತಿಗೆ ನಾವು ತಲೆ ಬಾಗುತ್ತೇವೆ. ನಮ್ಮವರ ಮಾತನ್ನು ನಂಬುತ್ತೇವೆ. ಹತ್ತು ಜನ ಮಾಡಿದ್ದನ್ನು ಹನ್ನೊಂದನೆಯವರಾಗಿ ಮಾಡುತ್ತೇವೆ. ಇವು ಯಾವುದೂ ಕೆಟ್ಟ ಗುಣಗಳಲ್ಲ. ಒಬ್ಬರನ್ನೊಬ್ಬರು ನಂಬದಿದ್ದರೆ ನಮ್ಮ ಕಾಕಂದಿರು ಆ ಕಾಲದಲ್ಲಿ ಒಂದೇ ರೂಮಿನಲ್ಲಿ ಎಂಟು ಜನ ಇದ್ದು, ಒಬ್ಬನ ಸಂಬಳದಲ್ಲಿ ಇನ್ನೊಬ್ಬನ ತಂಗಿಯ ಮದುವೆ ಮಾಡಿಸಲು ಸಾಧ್ಯವಿತ್ತೇ? ಕಳ್ಳ ನಮ್ಮ ಒಳ್ಳೆಯ ಗುಣವನ್ನೇ ಕೀಲಿಕೈ ಮಾಡಿಕೊಂಡು ಬಾಗಿಲು ತೆಗೆಯುತ್ತಾನೆ.

ಇದಕ್ಕೆ ದೂರದ ಉದಾಹರಣೆ ಬೇಡ. ಬೆಂಗಳೂರಿನ ಐಎಂಎ ಹಗರಣವನ್ನು ನಾವ್ಯಾರೂ ಮರೆತಿಲ್ಲ. ಬಡ್ಡಿ ಅಲ್ಲ, ಹಲಾಲ್ ಲಾಭ ಎಂದರು. ತಿಂಗಳು ತಿಂಗಳು ಹಣ ಬಂತು. ಹಾಕಿದವರು ನೆಂಟರಿಗೆ ಹೇಳಿದರು, ನೆಂಟರು ನೆರೆಮನೆಯವರಿಗೆ ಹೇಳಿದರು. 2019ರ ಜೂನ್‌ನಲ್ಲಿ ಶಟರ್ ಬಿತ್ತು, ಮಾಲಕ ದುಬೈಗೆ ಓಡಿದ, ಹತ್ತಾರು ಸಾವಿರ ದೂರುಗಳು ಬಂದವು. ಮಗಳ ಮದುವೆಗೆ ಇಟ್ಟ ಚಿನ್ನ ಮಾರಿ ಹಾಕಿದವರಿದ್ದರು. ಅವರು ದುರಾಸೆಯವರಲ್ಲ, ದೀನಿನ ಹೆಸರು ಕೇಳಿ ನಂಬಿದವರು. ಈಗ ಅದೇ ಆಟ ಮೊಬೈಲಿಗೆ ಬಂದಿದೆ. ಟೆಲಿಗ್ರಾಂ ಗ್ರೂಪಿಗೆ ಸೇರಿಸುತ್ತಾರೆ, ‘ನನಗೆ ಹಣ ಬಂತು’ ಎಂದು ನೂರು ಜನ ಸ್ಕ್ರೀನ್‌ಶಾಟ್ ಹಾಕುತ್ತಾರೆ. ಆ ನೂರು ಜನರ ಹಿಂದೆ ಇರುವುದು ಕಳ್ಳರ ಒಂದೇ ತಂಡ ಎಂದು ಗೊತ್ತಾಗುವಾಗ ತಡವಾಗಿರುತ್ತದೆ.

ಮೂರನೆಯದು ಸಣ್ಣ ಹೆಜ್ಜೆ. ವಿಡಿಯೋಗೆ ಲೈಕ್ ಕೊಡಿ, ಐವತ್ತು ರೂಪಾಯಿ ಎನ್ನುತ್ತಾರೆ. ಐವತ್ತು ನಿಜವಾಗಿಯೂ ಬರುತ್ತದೆ. ನಾಳೆ ಸಾವಿರ ಹಾಕಿ ಎನ್ನುತ್ತಾರೆ, ಸಾವಿರದ ಮುನ್ನೂರು ಬರುತ್ತದೆ. ಆಮೇಲೆ ಐದು ಸಾವಿರ, ಇಪ್ಪತ್ತು ಸಾವಿರ. ಆ ಹಣ ಹೊರಗೆ ತೆಗೆಯಬೇಕಾದರೆ ಟ್ಯಾಕ್ಸ್ ಕಟ್ಟಿ ಎನ್ನುತ್ತಾರೆ. ಇಷ್ಟು ಹಾಕಿ ಆಯಿತಲ್ಲ, ಇನ್ನು ಸ್ವಲ್ಪ ಹಾಕಿದರೆ ಎಲ್ಲ ವಾಪಸ್ ಬರುತ್ತದೆ ಎಂದು ಮನಸ್ಸು ಹೇಳುತ್ತದೆ. ಹೋದ ಹಣವನ್ನು ಹಿಡಿಯಲು ಇದ್ದ ಹಣವನ್ನೂ ಕಳಿಸುವುದು ಹೀಗೆ. ಎಲ್ಲ ಮುಗಿದ ಮೇಲೆ ‘ನಿಮ್ಮ ಹಣ ವಾಪಸ್ ತೆಗೆಸಿಕೊಡುತ್ತೇವೆ, ಫೀಸ್ ಕೊಡಿ’ ಎಂದು ಇನ್ನೊಬ್ಬ ಬರುತ್ತಾನೆ. ಅವನೂ ಅದೇ ಜಾತಿಯವನು.

ಕೆಲಸದ ಆಸೆ ತೋರಿಸುವವರದ್ದು ಇನ್ನೂ ದೊಡ್ಡ ಅಪಾಯ. ಥಾಯ್ಲೆಂಡಿನಲ್ಲಿ ಐಟಿ ಕೆಲಸ ಎಂದು ಕರೆದುಕೊಂಡು ಹೋಗಿ, ಗಡಿ ದಾಟಿಸಿ ಮ್ಯಾನ್ಮಾರಿನಲ್ಲಿ ಕೂಡಿ ಹಾಕುವ ಜಾಲದ ಬಗ್ಗೆ ಭಾರತದ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಜನ ಹಿಡಿದು ಕಳಿಸುವ ಏಜೆಂಟರು ಭಾರತದಲ್ಲಿ ಮಾತ್ರವಲ್ಲ, ದುಬೈಯಲ್ಲೂ ಇದ್ದಾರೆ ಎಂದು ಅದರಲ್ಲಿಯೇ ಇದೆ. ಹಾಗೆ ಹೋದವರಿಂದ ಮಾಡಿಸುತ್ತಿದ್ದ ಕೆಲಸ ಇದೇ ಆನ್‌ಲೈನ್ ಮೋಸ. ನಮಗೆ ಫೋನ್ ಮಾಡುವ ದನಿಯ ಹಿಂದೆ ಪಾಸ್‌ಪೋರ್ಟ್ ಕಿತ್ತುಕೊಂಡು ಕೂರಿಸಿದ ಇನ್ನೊಬ್ಬ ಬಡವನ ಮಗ ಇರಬಹುದು.

ಇಲ್ಲಿ ಒಂದು ಮಾತನ್ನು ನಮ್ಮ ಯುವಕರಿಗೆ ಖಡಾಖಂಡಿತವಾಗಿ ಹೇಳಬೇಕು. ‘ನಿನ್ನ ಬ್ಯಾಂಕ್ ಖಾತೆ ಒಂದು ತಿಂಗಳಿಗೆ ಕೊಡು, ಕಮಿಷನ್ ಕೊಡ್ತೇವೆ’, ‘ನಿನ್ನ ಹೆಸರಲ್ಲಿ ಒಂದು ಸಿಮ್ ತೆಗೆದು ಕೊಡು’ ಎಂದು ಕೇಳುವವರು ಸ್ನೇಹಿತರಲ್ಲ. ಮೋಸದ ಹಣ ಮೊದಲು ಬಂದು ಬೀಳುವುದು ಅಂಥ ಖಾತೆಗೆ. ಪೊಲೀಸರು ಮೊದಲು ಬರುವುದೂ ಆ ಖಾತೆಯ ಹೆಸರಿನವನ ಬಾಗಿಲಿಗೆ. ನನಗೆ ಗೊತ್ತಿರಲಿಲ್ಲ ಎಂದರೆ ಬಿಟ್ಟು ಬಿಡುತ್ತಾರೆ ಎಂದು ತಿಳಿಯಬೇಡಿ. ಜೈಲು, ದಂಡ, ಗಡೀಪಾರು ಎಲ್ಲವನ್ನೂ ಎದುರಿಸಬೇಕಾದವನು ಸಾವಿರ ದಿರ್ಹಂ ಕಮಿಷನ್ ತೆಗೆದುಕೊಂಡ ನಮ್ಮ ಹುಡುಗ. ಹುಂಡಿಯಲ್ಲಿ ಹಣ ಕಳಿಸುವವರೂ ಇದನ್ನು ಯೋಚಿಸಬೇಕು. ಊರಿನ ಖಾತೆಗೆ ಬಂದ ಆ ಹಣ ಯಾರದ್ದು ಎಂದು ನಮಗೆ ಗೊತ್ತಿರುವುದಿಲ್ಲ. ಅದು ಯಾರನ್ನೋ ಮೋಸ ಮಾಡಿದ ಹಣವಾದರೆ ಫ್ರೀಜ್ ಆಗುವುದು ಉಮ್ಮನ ಹೆಸರಿನ ಖಾತೆ.

ಹಾಗಾದರೆ ದಾರಿ ಏನು? ಮೋಸದ ಹೊಸ ಹೊಸ ವಿಧಗಳನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ, ನಾಳೆ ಬೇರೊಂದು ಬರುತ್ತದೆ. ನಾವು ಹೇಳುವುದು ಒಂದೇ ಪದ್ಧತಿ: ಹಣ ಕಳಿಸುವ ಮುಂಚೆ, ಒಟಿಪಿ ಹೇಳುವ ಮುಂಚೆ, ಒಬ್ಬರಿಗೆ ಹೇಳಿ. ರೂಮಿನ ಗೆಳೆಯನಿಗೆ, ಕೆಲಸದ ಸೂಪರ್‌ವೈಸರ್‌ಗೆ, ಊರಿನಲ್ಲಿರುವ ಹೆಂಡತಿಗೆ. ಯಾರಿಗೂ ಹೇಳಬೇಡ ಎಂದು ಆ ಕಡೆಯವನು ಹೇಳಿದರೆ ಅಲ್ಲಿಗೆ ಮೋಸ ಎಂದು ಖಾತ್ರಿ ಮಾಡಿಕೊಳ್ಳಿ. ಹೆದರಿಸಿದವನ ಫೋನ್ ಇಟ್ಟು, ಕಾರ್ಡಿನ ಹಿಂದೆ ಇರುವ ಬ್ಯಾಂಕ್ ನಂಬರಿಗೆ ನೀವೇ ಕರೆ ಮಾಡಿ. ಯುಪಿಐ ಪಿನ್ ಒತ್ತುವುದು ಹಣ ಕಳಿಸಲು, ಹಣ ಪಡೆಯಲು ಅದು ಬೇಡ. ಸೌದಿಯಲ್ಲಿರುವವರು ಅಬ್ಶೀರ್ ಒಟಿಪಿಯನ್ನು ಮನೆಯ ಬೀಗದ ಕೈ ಎಂದು ತಿಳಿಯಿರಿ. ಊರಿಂದ ಬರುವವರು ಏಜೆಂಟನ ಹೆಸರು ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯೇ ಎಂದು ನೋಡಿದ ಮೇಲೆಯೇ ಹಣ ಕೊಡಲಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸರ್ವಿಸ್ ಚಾರ್ಜ್ 30,000 ರೂಪಾಯಿ ಮತ್ತು ಜಿಎಸ್‌ಟಿ ಮಾತ್ರ.

ಹಣ ಹೋಗಿಯೇ ಬಿಟ್ಟರೆ ಮೊದಲ ಒಂದು ಗಂಟೆ ಬಂಗಾರ. ಮೊದಲು ಬ್ಯಾಂಕಿಗೆ ಕರೆ ಮಾಡಿ ಕಾರ್ಡು, ಖಾತೆ ನಿಲ್ಲಿಸಿ. ಊರಿನ ಖಾತೆಯ ಹಣವಾದರೆ ಮನೆಯವರಿಂದ ಕೂಡಲೇ 1930ಕ್ಕೆ ಫೋನ್ ಮಾಡಿಸಿ. ದುಬೈಯಲ್ಲಿ ಪೊಲೀಸರ ಇ-ಕ್ರೈಮ್ ಪೋರ್ಟಲ್ ಇದೆ, ಅಬುಧಾಬಿಯಲ್ಲಿ ಅಮಾನ್ ಸೇವೆಯ 8002626 ಇದೆ. ಸೌದಿಯಲ್ಲಿ ಮೋಸದ ಮೆಸೇಜುಗಳನ್ನು 330330ಕ್ಕೆ ಕಳಿಸಬಹುದು. ಯುಎಇಯಲ್ಲಿರುವ ಭಾರತೀಯರಿಗೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 80046342 ಉಚಿತ ನಂಬರು. ಈ ನಂಬರುಗಳನ್ನು ಕತ್ತರಿಸಿ ರೂಮಿನ ಬಾಗಿಲಿಗೆ ಅಂಟಿಸಿ.

ಕೊನೆಯ ಮಾತು ಊರಿನಲ್ಲಿ ಇದನ್ನು ಓದುತ್ತಿರುವ ಮನೆಯವರಿಗೆ. ಗಲ್ಫಿನಲ್ಲಿರುವವನು ಎಲ್ಲವನ್ನೂ ‘ಇಲ್ಲಿ ಸುಖ’ ಎಂದೇ ಹೇಳುತ್ತಾನೆ. ಸಾಲವನ್ನೂ ಹೇಳುವುದಿಲ್ಲ, ಸಂಬಳ ಬಾರದ್ದನ್ನೂ ಹೇಳುವುದಿಲ್ಲ. ಹೀಗೆ ಎಲ್ಲವನ್ನೂ ನುಂಗಿಕೊಂಡು ಒಂಟಿಯಾದವನೇ ಕಳ್ಳನಿಗೆ ಸುಲಭದ ಬೇಟೆ. ಅವನು ಒಂದು ದಿನ ನಡುಗುವ ದನಿಯಲ್ಲಿ ಹಣ ಹೋಯಿತು ಎಂದರೆ ಎಷ್ಟು ಹೋಯಿತು, ಯಾಕೆ ಕೊಟ್ಟೆ ಎಂದು ಕೇಳುವ ಮುಂಚೆ ‘ಬ್ಯಾಂಕಿಗೆ ಹೇಳಿದ್ಯಾ?’ ಎಂದು ಕೇಳಿ. ಹಣ ಇನ್ನೊಮ್ಮೆ ದುಡಿಯಬಹುದು. ಹಣ ಹೋದ ನಾಚಿಕೆಯಲ್ಲಿ ಜೀವವನ್ನೇ ಕಳೆದುಕೊಂಡವರ ಸುದ್ದಿ ನಾವು ಓದಿದ್ದೇವೆ. ನಮ್ಮವರಲ್ಲಿ ಯಾರಿಗೂ ಆ ಗತಿ ಬರಬಾರದು. ಯಾವ ಹೊತ್ತಿಗಾದರೂ ಸರಿ, ನಮ್ಮ ಕಾರ್ಯಕರ್ತರಿಗೆ ಫೋನ್ ಮಾಡಿ. ನಿಮ್ಮ ಮಾತು ಕೇಳಿ ಯಾರೂ ನಗುವುದಿಲ್ಲ.