ಎಲೆಯೊಂದರ ಉಳಿತಾಯ ಖಾತೆ

ಪುಟಾಣಿಗಳೇ, ನರ್ಸರಿಯಲ್ಲಿ ಅಂಗೈಯಗಲದ ಕುಂಡದೊಳಗೆ, ಕಲ್ಲಿನಲ್ಲಿ ಕಡೆದ ತಾವರೆಯಂತೆ ಕುಳಿತಿರುವ ಗಿಡ ನೋಡಿದ್ದೀರಾ? ಅದು ಹೂವಲ್ಲ, ಸುತ್ತ ಜೋಡಿಸಿಕೊಂಡ ದಪ್ಪ ಎಲೆಗಳು. ಹೆಸರು ಎಚೆವೇರಿಯಾ, ತವರು ಮೆಕ್ಸಿಕೋ. 18ನೇ ಶತಮಾನದ ಕೊನೆಯಲ್ಲಿ ಅಲ್ಲಿನ ಗಿಡಗಳ ಚಿತ್ರ ಬರೆದ ಅತನಾಸಿಯೋ ಎಚೆವೆರಿಯಾ ಎಂಬ ಕಲಾವಿದನ ನೆನಪಿಗೆ 1828ರಲ್ಲಿ ಈ ಹೆಸರಿಟ್ಟರು. ನಮ್ಮ ಕಾಡುಬಸಳೆಯೂ ಇದೇ ಕುಟುಂಬದ್ದು. ಅದರ ಎಲೆ ನೆಲಕ್ಕೆ ಬಿದ್ದರೆ ಅಂಚಿನಲ್ಲಿ ಮರಿ ಏಳುವುದನ್ನು ನಿಮ್ಮ ಅಜ್ಜಿಯರು ಬಲ್ಲರು.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದ ನನಗೆ ಈ ಗಿಡದ ಲೆಕ್ಕ ಬಲು ಇಷ್ಟ. ಸಿಕ್ಕ ನೀರನ್ನು ಎಲೆಯಲ್ಲಿ ಜಮಾ ಮಾಡುತ್ತದೆ. ಖರ್ಚಿನಲ್ಲಿ ಮಹಾ ಬಿಗಿ. ಹಗಲಲ್ಲಿ ಎಲೆಯ ಸಣ್ಣ ರಂಧ್ರ ತೆರೆದರೆ ನೀರು ಆವಿಯಾಗುತ್ತದಲ್ಲ? ಅದಕ್ಕೇ ರಾತ್ರಿ ತೆರೆದು, ಬೇಕಾದ ಇಂಗಾಲದ ಡೈಆಕ್ಸೈಡನ್ನು ಒಳಗೆ ಕೂಡಿಟ್ಟುಕೊಳ್ಳುತ್ತದೆ. ಹಾಗಾಗಿ ಮನೆಗಳಲ್ಲಿ ಇದು ಬಾಯಾರಿ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಕೊಳೆಯುವುದೇ ಜಾಸ್ತಿ.

ನಮ್ಮ ಮಹಡಿ ಮನೆಯ ಐದನೇ ತರಗತಿ ಹುಡುಗನ ಗಿಡಕ್ಕೂ ಹೀಗೇ ಆಯಿತು. ಬೆಳಿಗ್ಗೆ ಅಪ್ಪ, ಮಧ್ಯಾಹ್ನ ಅಮ್ಮ, ಸಂಜೆ ಇವನು, ಮೂವರೂ ನೀರು ಹಾಕಿದ್ದರು. ಬುಡ ಕಪ್ಪಾಗಿ ಮೆತ್ತಗಾಗಿತ್ತು. ಇನ್ನೊಂದು ತರೋಣ ಬಿಡು ಎಂದರಂತೆ ಅಪ್ಪ. "ತಾತ, ಇದು ಅಜ್ಜಿ ಕೊಟ್ಟಿದ್ದು. ಅಜ್ಜಿ ಈಗ ಇಲ್ವಲ್ಲ" ಎಂದು ಕುಂಡ ಹಿಡಿದು ನಿಂತ. ತುದಿಯಲ್ಲಿ ಏಳು ಎಲೆಗಳು ಇನ್ನೂ ಗಟ್ಟಿಯಾಗಿದ್ದವು. ಬೀಜದಿಂದ ಬಂದ ಗಿಡ ತಾಯಿಗಿಂತ ಬೇರೆ ಆಗಬಹುದು. ಎಲೆಯಿಂದ ಬಂದದ್ದು ಅದೇ ಗಿಡದ ಮುಂದುವರಿಕೆ. ಅದು ಅಂಗಡಿಯಲ್ಲಿ ಸಿಗುವುದಿಲ್ಲ.

ನಾವು ಮಾಡಿದ್ದು ಇಷ್ಟು. ಎಲೆಯನ್ನು ಎರಡು ಬೆರಳಲ್ಲಿ ಹಿಡಿದು, ಮೆಲ್ಲನೆ ಅತ್ತಿತ್ತ ಅಲುಗಿಸಿ, ಬುಡ ಹರಿಯದಂತೆ ಬಿಡಿಸಿದೆವು. ಬೇರು, ಮರಿ ಎರಡೂ ಹೊರಡುವುದು ಆ ಬುಡದಿಂದಲೇ. ಮೂರು ದಿನ ನೆರಳಲ್ಲಿಟ್ಟು ಗಾಯ ಒಣಗಿಸಿದೆವು. ಒಂದು ಪಾಲು ಗೊಬ್ಬರದ ಮಣ್ಣಿಗೆ ಒಂದು ಪಾಲು ದಪ್ಪ ಮರಳು ಬೆರೆಸಿ, ಅದರ ಮೇಲೆ ಎಲೆಗಳನ್ನು ಸುಮ್ಮನೆ ಮಲಗಿಸಿದೆವು. ಹೂಳಲಿಲ್ಲ, ನೀರೂ ಹಾಕಲಿಲ್ಲ. ಹುಡುಗನಿಗೆ ಇದೇ ಕಷ್ಟವಾದದ್ದು. ದಿನಾ ಬಂದು "ಇವತ್ತಾದರೂ ಹಾಕಲಾ?" ಎನ್ನುತ್ತಿದ್ದ.

ಮೂರನೇ ವಾರ ನಸುಗೆಂಪು ದಾರದಂಥ ಬೇರು ಕಂಡಿತು. ಆಮೇಲೆ ಬೇರಿನ ಬಳಿ ಚಮಚದಲ್ಲಿ ನೀರು, ಮಣ್ಣು ಒಣಗಿದಾಗಲಷ್ಟೇ. ಮರಿ ಬೆಳೆದಂತೆ ತಾಯಿ ಎಲೆ ಸುಕ್ಕಾಗುತ್ತ ಬಂತು. ಅದನ್ನು ಕೀಳಬೇಡಿ, ಮಕ್ಕಳೇ. ತನ್ನ ಖಾತೆಯಲ್ಲಿದ್ದುದನ್ನೆಲ್ಲ ಮರಿಗೆ ವರ್ಗಾಯಿಸುತ್ತಿರುತ್ತದೆ. ಪೂರ್ತಿ ಒಣಗಿದ ಮೇಲೆ ತಾನೇ ಕಳಚಿಕೊಳ್ಳುತ್ತದೆ.

ಏಳರಲ್ಲಿ ನಾಲ್ಕು ಹಿಡಿದವು. ಈಗ ಅಂಗಿಯ ಗುಂಡಿಯಷ್ಟಿವೆ. ಒಂದು ತನ್ನ ಸೋದರತ್ತೆಗೆ ಎಂದು ಅವನು ಎತ್ತಿಟ್ಟಿದ್ದಾನೆ. ಅವರಿಗೂ ಅದು ಅಮ್ಮನ ಗಿಡ ತಾನೇ.

ನೀವೂ ಮಾಡುವುದಾದರೆ ನಾಲ್ಕೈದು ಎಲೆ ಇಡಿ, ಎಲ್ಲವೂ ಚಿಗುರುವುದಿಲ್ಲ. ತಳದಲ್ಲಿ ತೂತಿರುವ ಮಣ್ಣಿನ ಕುಂಡ ಒಳ್ಳೆಯದು. ಬೇರೂರಿದ ಮೇಲೆ ಬೆಳಗಿನ ಎಳೆಬಿಸಿಲು ತಾಗಲಿ. ಮಳೆಗಾಲದಲ್ಲಿ ಸೂರಿನಡಿ ಇಡಿ. ಮತ್ತೆ, ನೀರು ಹಾಕುವ ಕೆಲಸ ಮನೆಯಲ್ಲಿ ಒಬ್ಬರಿಗೇ ಇರಲಿ!