ಹಳೇ ನಮೂದನ್ನು ಅಳಿಸಬೇಡಿ



"ಸರ್ವಾಧಿಕಾರದ ಕಾದಂಬರಿ ನಮಗ್ಯಾಕೆ? ಅದು ರಷ್ಯಾದವರ, ಇಂಗ್ಲೆಂಡಿನವರ ತಲೆನೋವು" ಎಂಬ ಮಾತು ನಮ್ಮ ಸಾಹಿತ್ಯ ಕೂಟದಲ್ಲಿ ಆಗಾಗ ಕೇಳಿಬರುತ್ತದೆ. ನಾನಿದನ್ನು ಒಪ್ಪುವುದಿಲ್ಲ. ನಾನು ಕಾಮರ್ಸ್ ವಿದ್ಯಾರ್ಥಿ. ಶಾಲೆಯಲ್ಲಿ ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಈ ಪುಸ್ತಕಗಳನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡೇ ಓದಿದ್ದೇನೆ. ಬೀದರ, ಕಲಬುರಗಿ, ಹೈದರಾಬಾದಿನ ಕನ್ನಡಿಗರು ಇವನ್ನು ಎಲ್ಲರಿಗಿಂತ ಮೊದಲು ಓದಬೇಕು ಎಂಬುದು ನನ್ನ ವಾದ.

ರಷ್ಯಾದ ಯೆವ್ಗೆನಿ ಜಮ್ಯಾತಿನ್ ಹಡಗು ಕಟ್ಟುವ ಇಂಜಿನಿಯರ್. 1920-21ರಲ್ಲಿ 'ನಾವು' ಎಂಬ ಕಾದಂಬರಿ ಬರೆದ. ಅದರಲ್ಲಿ ಜನರಿಗೆ ಹೆಸರಿಲ್ಲ, ನಂಬರು ಮಾತ್ರ. ಮನೆಗಳೆಲ್ಲ ಗಾಜಿನವು. ಏಳುವುದು, ಉಣ್ಣುವುದು, ಮಲಗುವುದು ಎಲ್ಲವೂ ವೇಳಾಪಟ್ಟಿಯ ಪ್ರಕಾರ. ಹಳೇ ಕಾಲದಿಂದ ಉಳಿದುಬಂದ ಸಾಹಿತ್ಯದಲ್ಲಿ ಆ ರಾಜ್ಯದವರಿಗೆ ಶ್ರೇಷ್ಠವಾದದ್ದು ಯಾವುದು ಗೊತ್ತೇ? ರೈಲ್ವೆ ಟೈಂ ಟೇಬಲ್! ಈ ಪುಸ್ತಕ 1924ರಲ್ಲಿ ನ್ಯೂಯಾರ್ಕಿನಲ್ಲಿ ಇಂಗ್ಲಿಷಿಗೆ ಬಂತು. ಬರೆದವನ ಸ್ವಂತ ದೇಶದಲ್ಲಿ ಅಚ್ಚಾಗಲು 1988 ಬರಬೇಕಾಯಿತು. ಅಷ್ಟರಲ್ಲಿ ಅವನು ಪ್ಯಾರಿಸ್ಸಿನಲ್ಲಿ ತೀರಿಕೊಂಡು 51 ವರ್ಷವಾಗಿತ್ತು.

ನಮ್ಮಲ್ಲೂ ಟೈಂ ಟೇಬಲ್ಲಿನ ಭಕ್ತರಿದ್ದಾರೆ. 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗೆ ಇದ್ದ ತುರ್ತು ಪರಿಸ್ಥಿತಿಯ ಮಾತು ತೆಗೆದರೆ ಸಾಕು, "ಆಗ ರೈಲು ಹೊತ್ತಿಗೆ ಸರಿಯಾಗಿ ಬರ್ತಿದ್ವು ನೋಡ್ರಿ" ಅನ್ನುತ್ತಾರೆ. ಬರುತ್ತಿದ್ದವು ಎಂದೇ ಇಟ್ಟುಕೊಳ್ಳೋಣ. ನಾನಿರುವ ಮಿಯಾಪುರದಿಂದ 2017ರ ನವೆಂಬರಿನಿಂದ ಮೆಟ್ರೊ ಓಡುತ್ತಿದೆ. ಹೊತ್ತಿಗೆ ಸರಿಯಾಗಿಯೇ ಹೊರಡುತ್ತೆ. ಅದಕ್ಕಾಗಿ ಯಾರನ್ನೂ ವಿಚಾರಣೆಯಿಲ್ಲದೆ ಜೈಲಿಗೆ ಹಾಕಬೇಕಾಗಲಿಲ್ಲ. ರೈಲು ಓಡಲು ಬೇಕಾದದ್ದು ಹಳಿ, ಸಿಗ್ನಲ್ಲು, ಕೆಲಸಗಾರರು, ಭಯವಲ್ಲ.

ಆ ಕಾಲದ ಖರ್ಚಿನ ಪುಟವನ್ನೂ ನೋಡಬೇಕು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಹಿಡಿದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಅವರಿಗೆ ಅಸ್ತಮಾ. ಎಂಟು ತಿಂಗಳ ಮೇಲೆ, ದೇಹ ಪೂರ್ತಿ ಕುಸಿದ ಮೇಲೆ, ಪೆರೋಲ್ ಕೊಟ್ಟು ಬಿಟ್ಟರು. ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ತೀರಿಕೊಂಡರು. ಜೈಲಿನಲ್ಲಿ ಅವರು ಬರೆದಿಟ್ಟ ದಿನಚರಿ ಅದೇ ವರ್ಷ ಪುಸ್ತಕವಾಯಿತು. ಇಂಥ ಬರಹ ಇಲ್ಲದಿದ್ದರೆ ನಮಗೆ ರೈಲಿನ ಮಾತಷ್ಟೇ ಉಳಿಯುತ್ತಿತ್ತು.

ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ ಜಮ್ಯಾತಿನ್‌ನನ್ನು ಓದಿದ್ದ. ಅವನ '1984' ಬರೆದು ಮುಗಿದದ್ದು 1948ರಲ್ಲಿ, ಪ್ರಕಟವಾದದ್ದು 1949ರಲ್ಲಿ. ಎಲ್ಲರೂ ಅದರಲ್ಲಿ ಗೋಡೆಯ ಮೇಲಿನ ದೊಡ್ಡಣ್ಣನ ಕಣ್ಣನ್ನೇ ನೋಡುತ್ತಾರೆ. ನಾನು ನೋಡಿದ್ದು ಲೆಕ್ಕವನ್ನು. ಚಾಕೊಲೇಟಿನ ಪಡಿತರವನ್ನು 30 ಗ್ರಾಮಿನಿಂದ 20ಕ್ಕೆ ಇಳಿಸುತ್ತಾರೆ. ಆಮೇಲೆ, 20ಕ್ಕೆ ಏರಿಸಿದಿರಲ್ಲಾ ಎಂದು ಜನ ಮೆರವಣಿಗೆ ತೆಗೆದು ಉಪಕಾರ ಸ್ಮರಿಸುತ್ತಾರೆ! ಕಥಾನಾಯಕನ ನೌಕರಿಯೇ ಹಳೇ ಪತ್ರಿಕೆಗಳನ್ನು ತಿದ್ದಿ ಬರೆಯುವುದು.

ಕಾಮರ್ಸಿನವರಿಗೆ ಇದು ಚೆನ್ನಾಗಿ ಅರ್ಥವಾಗಬೇಕು. ಜರ್ನಲ್ಲಿನಲ್ಲಿ ತಪ್ಪು ಬಿದ್ದರೆ ಕೆರೆದು ಅಳಿಸುವ ಹಾಗಿಲ್ಲ. ಹಳೇ ನಮೂದು ಹಾಗೇ ಇರಬೇಕು, ಅದರ ಕೆಳಗೆ ತಿದ್ದುಪಡಿ ನಮೂದು ಬರೆಯಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾವಾಗ ಏನು ಬದಲಾಯಿತೆಂಬುದೂ ದಾಖಲಾಗಬೇಕು. ಕಂಪನಿಗೆ ಇಷ್ಟು ಬಿಗಿ ಇರುವಾಗ ಸರ್ಕಾರಕ್ಕೆ ಬೇಡವೇ?

ಈಗ ನಮ್ಮ ಊರಿನ ಲೆಕ್ಕಕ್ಕೆ ಬನ್ನಿ. ಬೀದರ, ಕಲಬುರಗಿ, ರಾಯಚೂರು ನಿಜಾಮರ ಸಂಸ್ಥಾನದಲ್ಲಿದ್ದವು. 1930ರ ದಶಕದಲ್ಲಿ 'ಗಸ್ತಿ ನಿಶಾನ್ 53' ಎಂಬ ಸುತ್ತೋಲೆಯಿಂದಾಗಿ ಸಭೆ ಸೇರಲೂ ಅನುಮತಿ ಬೇಕಾಗಿತ್ತು. ಆರ್ವೆಲ್ ತನ್ನ ಪುಸ್ತಕ ಮುಗಿಸುತ್ತಿದ್ದ ಅದೇ 1948ರ ಆಗಸ್ಟಿನಲ್ಲಿ, ಭಾರತಕ್ಕೆ ಸೇರಬೇಕೆಂದೂ ರಜಾಕಾರರ ವಿರುದ್ಧವೂ ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್‌ರನ್ನು ಹೈದರಾಬಾದಿನಲ್ಲಿ ಕೊಂದರು, ಕೈ ಕಡಿದರು. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆಯಿತು, ನಿಜಾಮರ ಆಳ್ವಿಕೆ ಮುಗಿಯಿತು. ಆ ಹೊತ್ತಿನಲ್ಲಿ ಮತ್ತು ನಂತರ ಮುಸ್ಲಿಮರ ಮೇಲೆ ನಡೆದ ಹತ್ಯೆಗಳನ್ನು ವಿಚಾರಿಸಲು ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ, ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಜನ ಸತ್ತರೆಂದು ಹೇಳಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಎರಡು ಬೀದರ ಮತ್ತು ಕಲಬುರಗಿ. ಆ ವರದಿಯನ್ನು ದಶಕಗಳ ಕಾಲ ಪ್ರಕಟಿಸಲಿಲ್ಲ.

ರಜಾಕಾರರ ಪುಟವನ್ನು ಓದಿ ಈ ಪುಟವನ್ನು ಮುಚ್ಚಿಡುವವರೂ ಇದ್ದಾರೆ, ಇದನ್ನು ಓದಿ ಅದನ್ನು ಮುಚ್ಚಿಡುವವರೂ ಇದ್ದಾರೆ. ಇಬ್ಬರೂ ಮಾಡುವುದು ಆರ್ವೆಲ್ಲನ ಕಥಾನಾಯಕನ ನೌಕರಿಯನ್ನೇ, ಸಂಬಳವಿಲ್ಲದೆ! ಅಳುವ ಸರ್ಕಾರ ಬದಲಾದರೂ ಅಳಿಸುವ ಚಟ ಬದಲಾಗಲಿಲ್ಲ ಎಂಬುದೇ ಈ ಲೆಕ್ಕದ ತಾತ್ಪರ್ಯ.

ಆದ್ದರಿಂದ ನಮ್ಮ ಕೂಟಕ್ಕೆ ನನ್ನದೊಂದು ಸಲಹೆ. 1948ರಲ್ಲಿ ಹದಿನೈದು ವರ್ಷದವರಾಗಿದ್ದವರು ಈಗ ತೊಂಬತ್ತು ದಾಟಿದ್ದಾರೆ. ರಜೆಗೆ ಊರಿಗೆ ಹೋದಾಗ ಒಬ್ಬೊಬ್ಬರು ಒಬ್ಬ ಅಜ್ಜನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ಕೇಳಿ. ಹಿಂದೂಗಳ ಮನೆಯಲ್ಲೂ ಕೇಳಿ, ಮುಸ್ಲಿಮರ ಮನೆಯಲ್ಲೂ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು ಬನ್ನಿ. ನಮಗೆ ಹಿಡಿಸದ ಮಾತಿದ್ದರೂ ಹೊಡೆದುಹಾಕಬೇಡಿ. ನಮ್ಮ ಪತ್ರಿಕೆಯಲ್ಲಿ ಜಾಗ ಕಡಿಮೆ, ನಿಜ. ಕವನಗಳು ಒಂದು ಸಂಚಿಕೆ ಕಾಯಲಿ. ತೊಂಬತ್ತು ದಾಟಿದವರು ಕಾಯಲಾರರು.