ರಂಗರಾಯರ ಹೆಸರು ಗೊತ್ತು, ಆ ಮಕ್ಕಳ ಹೆಸರು?

ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಇರಲೇಬೇಕು. ವಕೀಲರಾಗಿದ್ದ ಈ ಸಾರಸ್ವತ ಬ್ರಾಹ್ಮಣ 1892ರಲ್ಲೇ ದಲಿತ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಜಾತಿಯವರು ಬಹಿಷ್ಕಾರ ಹಾಕಿದರು. 1928ರಲ್ಲಿ ತೀರಿಕೊಳ್ಳುವವರೆಗೂ ಮನುಷ್ಯ ಜಗ್ಗಲಿಲ್ಲ.

ನನ್ನ ತಕರಾರು ಅವರ ಮೇಲಲ್ಲ, ನಾವು ಅವರ ಕತೆ ಹೇಳುವ ರೀತಿಯ ಮೇಲೆ. ಯಾವ ಜಯಂತಿ ಭಾಷಣವನ್ನಾದರೂ ಕೇಳಿ: 'ದಲಿತೋದ್ಧಾರಕ'. ಉದ್ಧಾರ ಮಾಡಿದವರಿಗೆ ಹೆಸರು, ಫೋಟೋ, ಹಾರ. ಉದ್ಧಾರ ಆದರು ಅನ್ನಿಸಿಕೊಂಡವರು ಹೆಸರಿಲ್ಲದ ಒಂದು ಗುಂಪು.

ಸ್ವಲ್ಪ ಯೋಚಿಸಿ. ಆಗ ಮಗನನ್ನು ಶಾಲೆಗೆ ಕಳಿಸುವುದು ಅಂದರೆ ದುಡಿಯುವ ಎರಡು ಕೈ ಕಳೆದುಕೊಳ್ಳುವುದು. ಮಕ್ಕಳು ಬರಲಿ ಅಂತ ರಾಯರು ಊಟದ ಜೊತೆ ದಿನಕ್ಕೆ ಇಷ್ಟು ಕಾಸು ಅಂತಲೂ ಕೊಡುತ್ತಿದ್ದರು ಎನ್ನುತ್ತಾರೆ. ಕಾಸಿನಿಂದ ಹಸಿವು ತೀರೀತು, ಧಣಿಯ ಸಿಟ್ಟು ತೀರುತ್ತದೆಯೇ? ಬಹಿಷ್ಕಾರ ಬಿದ್ದಾಗ ರಾಯರಿಗೆ ಓದು, ವಕೀಲಿಕೆ ಅಂತ ಆಸರೆ ಇತ್ತು. ಧಣಿಯ ಗದ್ದೆಯಲ್ಲಿ ದುಡಿದು, ಧಣಿಯ ಜಾಗದಲ್ಲೇ ಗುಡಿಸಲು ಹಾಕಿಕೊಂಡಿದ್ದ ಅಪ್ಪನಿಗೆ ಏನಿತ್ತು? ಆದರೂ ಕಳಿಸಿದ. ಇದು ಸಮಾಜ ಸುಧಾರಣೆ ಅಲ್ಲವೇ?

'ದಾಖಲೆ ಇಲ್ಲ, ಏನು ಮಾಡೋಣ' ಎನ್ನುತ್ತಾರೆ ಸಂಶೋಧಕರು. ವಾರ್ಷಿಕ ವರದಿ, ಪತ್ರ, ದಾನಿಗಳ ಪಟ್ಟಿ ಇವನ್ನೇ ತಿರುವಿ ಹಾಕಿದರೆ ಸುಧಾರಕರೇ ಸಿಗುತ್ತಾರೆ, ಬರೆದಿಟ್ಟವರು ಅವರೇ ತಾನೆ! ಶಾಲೆಯ ದಾಖಲಾತಿ ರಿಜಿಸ್ಟರ್ ದಾಖಲೆ ಅಲ್ಲವೇ? ಮಗುವಿನ ಹೆಸರು, ಅಪ್ಪನ ಹೆಸರು, ಜಾತಿ, ಸೇರಿದ ದಿನ, ಬಿಟ್ಟ ದಿನ. ಯಾರು ಎರಡೇ ತಿಂಗಳಿಗೆ ಬಿಟ್ಟರು, ಯಾರು ಕೊನೆಯ ತರಗತಿವರೆಗೂ ನಿಂತರು ಅಂತ ಅದರಲ್ಲೇ ಗೊತ್ತಾಗುತ್ತದೆ. ಬೀರುವಿನಲ್ಲಿ ಗೆದ್ದಲು ತಿನ್ನುತ್ತಿರುವುದು ಅದೇ. ಶಾಲೆ ಮುಚ್ಚಿದರೆ, ಇನ್ನೊಂದರ ಜೊತೆ ಸೇರಿಸಿದರೆ, ಆ ಪುಸ್ತಕ ಎಲ್ಲಿಗೆ ಹೋಗುತ್ತದೆ ಅಂತ ಯಾರಾದರೂ ಕೇಳಿದ್ದೀರಾ?

ದಲಿತರ ಮಗು ಓದಿ, ದೊಡ್ಡ ಹುದ್ದೆ ಹಿಡಿದು, ಕಾರಿನಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಗೆ ತಾಗಬೇಕು ಎಂಬ ರಾಯರ ಆಸೆ ಕರಾವಳಿಯಲ್ಲಿ ಎಲ್ಲರ ಬಾಯಲ್ಲೂ ಇದೆ. ಅವರು ತೋರಿಸಿದ್ದು ಕಾರಿನಲ್ಲಿ ಕೂತವರನ್ನು. ನಾವು ಇನ್ನೂ ನೋಡುತ್ತಿರುವುದು ರಾಯರನ್ನೇ.

ನಿಮ್ಮೂರ ಶಾಲೆ ಹಳೆಯದಾದರೆ ಮುಖ್ಯ ಶಿಕ್ಷಕರನ್ನು ಕೇಳಿ, ಮೊದಲ ರಿಜಿಸ್ಟರ್ ಇದೆಯಾ ಅಂತ. ಒಪ್ಪಿದರೆ ಪುಟಪುಟವೂ ಫೋನಿನಲ್ಲಿ ಫೋಟೋ ತೆಗೆಯಿರಿ. ಆ ಹೆಸರುಗಳ ಮೊಮ್ಮಕ್ಕಳು ಊರಲ್ಲೇ ಇದ್ದಾರು. ಮನೆಗೆ ಹೋಗಿ, ಅಜ್ಜ ಶಾಲೆಗೆ ಹೋದ ಕತೆ ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ಈ ಮಳೆಗಾಲಕ್ಕೆ ಮುಂಚೆ.